ನಾಯಿ ತಳಿ ನಿಯಮ: ಹವ್ಯಾಸಿಗಳ ಸಿಟ್ಟಿನಲ್ಲಿ ನಿಜವೆಷ್ಟು, ನಂಬಿಕೆಯೆಷ್ಟು

ನಾಯಿ ಸಾಕುವವರು ನಾಲ್ಕು ಜನ ಸೇರಿದ ಕಡೆ 2017ರ ನಿಯಮದ ಮಾತು ಬಂದೇ ಬರುತ್ತದೆ. ಆ ವರ್ಷದ ಮೇ 23ರಂದು ಕೇಂದ್ರ ಪರಿಸರ, ಅರಣ್ಯ ಮತ್ತು ಹವಾಮಾನ ಬದಲಾವಣೆ ಸಚಿವಾಲಯವು ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯಡಿ ನಾಯಿ ತಳಿ ಸಂವರ್ಧನೆ ಮತ್ತು ಮಾರಾಟದ ನಿಯಮಗಳನ್ನು ಹೊರಡಿಸಿತು. ನಾಯಿ ಮರಿ ಮಾಡಿಸಿ ಮಾರುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು ಎನ್ನುವುದು ಅದರ ತಿರುಳು. ಅದಕ್ಕೆ ಎರಡು ವರ್ಷ ಮೊದಲು, 2015ರಲ್ಲಿ, ನ್ಯಾಯಮೂರ್ತಿ ಎ.ಪಿ. ಶಾ ಅಧ್ಯಕ್ಷತೆಯ ಕಾನೂನು ಆಯೋಗ ತನ್ನ 261ನೇ ವರದಿಯಲ್ಲಿ ಇಂಥ ನಿಯಮ ಬೇಕೆಂದು ಹೇಳಿತ್ತು.

ವಿರೋಧಿಸುವವರಲ್ಲಿ ದೊಡ್ಡ ಪಾಲು ಹವ್ಯಾಸಿಗಳದ್ದು. ಮನೆಯಲ್ಲಿ ಎರಡು ಡಾಬರ್‌ಮನ್ನೋ ಮೂರು ಲ್ಯಾಬ್ರಡಾರೋ ಇಟ್ಟುಕೊಂಡು, ಎರಡು ಮೂರು ವರ್ಷಕ್ಕೊಮ್ಮೆ ಮರಿ ಮಾಡಿಸಿ, ಡಾಗ್ ಶೋಗೆ ಒಯ್ದು, ಮರಿ ಕೊಂಡವರ ಮನೆಗೆ ಆಮೇಲೂ ಫೋನ್ ಮಾಡಿ ವಿಚಾರಿಸುವ ಜನ ಇವರು. ನಾಯಿಗಳ ಬಗ್ಗೆ ಇವರಿಗಿರುವ ತಿಳಿವಳಿಕೆ ಎಷ್ಟೋ ಅಧಿಕಾರಿಗಳಿಗಿಲ್ಲ. ಇವರ ಸಿಟ್ಟಿಗೆ ಒಂದೆರಡು ಗಟ್ಟಿ ಕಾರಣಗಳೂ ಇವೆ. ಆದರೆ ಆ ಕಾರಣಗಳನ್ನು ಬಿಟ್ಟು, ನಿಯಮದಲ್ಲಿ ಇಲ್ಲದ್ದನ್ನು ಇದೆಯೆಂದು ನಂಬಿ ಜಗಳಕ್ಕಿಳಿಯುವುದೇ ಹೆಚ್ಚು. ಅದರ ಲಾಭವೆಲ್ಲ ಊರಾಚೆ ಶೆಡ್ಡಿನಲ್ಲಿ ಮೂವತ್ತು ನಾಲ್ವತ್ತು ಹೆಣ್ಣುನಾಯಿ ಕೂಡಿಹಾಕಿಕೊಂಡು ಮರಿ ಮಾರುವವನಿಗೆ ಸಲ್ಲುತ್ತಿದೆ.

ನಂಬಿಕೆ: "ಇದು ವ್ಯಾಪಾರಿಗಳಿಗೆ ಮಾಡಿದ ನಿಯಮ, ಮನೆಯಲ್ಲಿ ಒಂದೆರಡು ನಾಯಿ ಸಾಕಿದವರಿಗಲ್ಲ"

ಹಾಗಲ್ಲ. ಮರಿ ಮಾಡಿಸಿ ಮಾರುವುದಕ್ಕಾಗಿ ನಿರ್ದಿಷ್ಟ ತಳಿಯ ನಾಯಿ ಇಟ್ಟುಕೊಂಡ ಯಾರೇ ಆದರೂ ನಿಯಮದ ಕಣ್ಣಿಗೆ ಬ್ರೀಡರ್. ಮಧ್ಯವರ್ತಿಯೂ ಬೋರ್ಡಿಂಗ್ ಕೆನಲ್ ನಡೆಸುವವನೂ ಅದೇ ವ್ಯಾಖ್ಯೆಯೊಳಗೆ ಬರುತ್ತಾರೆ. ಇಷ್ಟು ನಾಯಿಗಿಂತ ಕಡಿಮೆ ಇದ್ದರೆ ವಿನಾಯಿತಿ ಎಂಬ ಮಾತು ಅದರಲ್ಲಿ ಇಲ್ಲ. ಒಂದೇ ಹೆಣ್ಣುನಾಯಿ ಇಟ್ಟುಕೊಂಡ ನಿವೃತ್ತ ಮೇಷ್ಟರೂ ನಲವತ್ತು ಇಟ್ಟುಕೊಂಡ ಕೆನಲ್ ಮಾಲೀಕನೂ ಒಂದೇ ಅರ್ಜಿ ತುಂಬಬೇಕು, ಒಂದೇ 5,000 ರೂಪಾಯಿ ಶುಲ್ಕ ಕಟ್ಟಬೇಕು. ನೋಂದಣಿ ಎರಡು ವರ್ಷ ಚಾಲ್ತಿಯಲ್ಲಿರುತ್ತದೆ, ಆಮೇಲೆ ನವೀಕರಣ.

ಹವ್ಯಾಸಿಗಳ ದೂರು ನ್ಯಾಯವಾಗಿರುವುದು ಇಲ್ಲೇ. ಹವ್ಯಾಸಿಗೂ ವ್ಯಾಪಾರಿಗೂ ನಡುವಿನ ಗೆರೆಯನ್ನು ಬೇರೆ ದೇಶಗಳು ಎಳೆದಿವೆ. ಅಮೆರಿಕದಲ್ಲಿ 2005ರಲ್ಲಿ ಸೆನೆಟರ್ ರಿಕ್ ಸ್ಯಾಂಟೋರಮ್ ಸಾಕುಪ್ರಾಣಿ ಕಲ್ಯಾಣ ಮಸೂದೆಯೊಂದನ್ನು ಮಂಡಿಸಿದಾಗ ಅಲ್ಲಿನ ಹವ್ಯಾಸಿಗಳು ತಿರುಗಿಬಿದ್ದರು. ಅಮೆರಿಕನ್ ಕೆನಲ್ ಕ್ಲಬ್ ಮಸೂದೆಯ ಪರ ನಿಂತಾಗ ಅದರ ಒಳಗಿನವರೇ ಎದುರು ನಿಂತರು. ಮಸೂದೆ ಕಾನೂನಾಗಲಿಲ್ಲ. ಆದರೆ 2013ರಲ್ಲಿ ಅಲ್ಲಿನ ಕೃಷಿ ಇಲಾಖೆ ನಿಯಮ ಬಿಗಿಮಾಡಿದಾಗ, ಮರಿ ಹಾಕುವ ಹೆಣ್ಣು ನಾಲ್ಕು ಅಥವಾ ಅದಕ್ಕಿಂತ ಕಡಿಮೆ ಇದ್ದು ತಮ್ಮಲ್ಲೇ ಹುಟ್ಟಿ ಬೆಳೆದ ಮರಿಗಳನ್ನಷ್ಟೇ ಸಾಕಲು ಮಾರುವವರಿಗೆ ಫೆಡರಲ್ ಲೈಸೆನ್ಸಿನಿಂದ ವಿನಾಯಿತಿ ಕೊಟ್ಟಿತು. ಇಂಗ್ಲೆಂಡಿನ 2018ರ ನಿಯಮದಲ್ಲಿ ಹನ್ನೆರಡು ತಿಂಗಳಲ್ಲಿ ಮೂರು ಅಥವಾ ಹೆಚ್ಚು ಬಾರಿ ಮರಿ ಮಾಡಿಸಿ ಮಾರುವವರಿಗೆ ಲೈಸೆನ್ಸ್ ಕಡ್ಡಾಯ. ಅದಕ್ಕಿಂತ ಕಡಿಮೆ ಇದ್ದವರು ವ್ಯಾಪಾರವಾಗಿ ನಡೆಸುತ್ತಿದ್ದಾರೆಯೇ ಎಂದು ನೋಡಲಾಗುತ್ತದೆ. ನಮ್ಮಲ್ಲೂ ಇಂಥದೊಂದು ಗೆರೆ ಬೇಕೆಂದು ಕೇಳುವುದು ತಪ್ಪಲ್ಲ. "ನಿಯಮವೇ ಬೇಡ" ಎನ್ನುವುದು ಮಾತ್ರ ಬೇರೆಯೇ ಮಾತು.

ನಂಬಿಕೆ: "ಈ ಷರತ್ತು ಪಾಲಿಸಿದರೆ ಹವ್ಯಾಸವೇ ನಿಂತುಹೋಗುತ್ತದೆ"

ಷರತ್ತುಗಳನ್ನೇ ಓದಿ ನೋಡೋಣ. ಹೆಣ್ಣುನಾಯಿಗೆ ಹದಿನೆಂಟು ತಿಂಗಳು ತುಂಬುವ ಮೊದಲು ಕ್ರಾಸ್ ಮಾಡಿಸಬಾರದು. ಎಂಟು ವರ್ಷ ದಾಟಿದ ಮೇಲೂ ಮಾಡಿಸಬಾರದು. ವರ್ಷಕ್ಕೊಮ್ಮೆಗಿಂತ ಹೆಚ್ಚು ಮರಿ ಹಾಕಿಸಬಾರದು, ಜೀವಮಾನದಲ್ಲಿ ಐದು ಸಲ ಮೀರಬಾರದು. ಕ್ರಾಸ್‌ಗೆ ಮುಂಚೆ ವೆಟರ್ನರಿ ಡಾಕ್ಟರು ನೋಡಿ ಆರೋಗ್ಯವಾಗಿದೆ ಎನ್ನಬೇಕು. ಮರಿಗೆ ಎಂಟು ವಾರ ತುಂಬುವವರೆಗೆ ಮಾರಬಾರದು. ಮಾರುವಾಗ ಮೈಕ್ರೋಚಿಪ್ ಇರಬೇಕು, ಲಸಿಕೆಯ ದಾಖಲೆ ಕೊಡಬೇಕು.

ಒಳ್ಳೆಯ ಹವ್ಯಾಸಿ ಇದರಲ್ಲಿ ಯಾವುದನ್ನು ಈಗಾಗಲೇ ಮಾಡುತ್ತಿಲ್ಲ? ತನ್ನ ಮೆಚ್ಚಿನ ನಾಯಿಯಿಂದ ಜೀವಮಾನದಲ್ಲಿ ಎರಡು ಮೂರು ಸಲ ಮರಿ ತೆಗೆದರೆ ಆತನಿಗೆ ಅದೇ ಹೆಚ್ಚು. ಐದರ ಮಿತಿ ಆತನನ್ನು ತಾಗುವುದೇ ಇಲ್ಲ.

ತಾಗುವುದು ಯಾರನ್ನು ಎಂದು ಲೆಕ್ಕ ಹಾಕಿ. ಹೆಣ್ಣುನಾಯಿ ಹೆಚ್ಚುಕಡಿಮೆ ಆರೇಳು ತಿಂಗಳಿಗೊಮ್ಮೆ ಬೆದೆಗೆ ಬರುತ್ತದೆ. ಬಸಿರು ಸುಮಾರು 63 ದಿನ. ಪ್ರತಿ ಬೆದೆಗೂ ಕ್ರಾಸ್ ಮಾಡಿಸಿದರೆ ಹದಿನೆಂಟು ತಿಂಗಳಿಂದ ಎಂಟು ವರ್ಷದೊಳಗೆ ಹತ್ತು ಹನ್ನೆರಡು ಸಲ ಮರಿ ಹಾಕಿಸಬಹುದು. ಹಾಗೆ ದುಡಿಸಿದ ಹೆಣ್ಣುನಾಯಿಯನ್ನು ಹತ್ತಿರದಿಂದ ಕಂಡವರು ಮರೆಯುವುದಿಲ್ಲ. ಪಕ್ಕೆಲುಬು ಎಣಿಸಬಹುದು, ಮೊಲೆಗಳು ಜೋಲುಬಿದ್ದು ನೆಲ ತಾಗುವಷ್ಟು ಇಳಿದಿರುತ್ತವೆ, ಮೊಣಕೈ ಗಂಟಿನಲ್ಲಿ ಸಿಮೆಂಟ್ ನೆಲದ ಉಜ್ಜಿಗೆ ಕೂದಲು ಹೋಗಿ ಚರ್ಮ ದಡ್ಡುಗಟ್ಟಿರುತ್ತದೆ. ಮನುಷ್ಯ ಹತ್ತಿರ ಹೋದರೆ ಬಾಲ ಅಲ್ಲಾಡಿಸುವುದಿಲ್ಲ, ಮೂಲೆಗೆ ಸರಿಯುತ್ತದೆ. ಮರಿ ಕೊಳ್ಳಲು ಬಂದವರಿಗೆ ಈ ತಾಯಿಯನ್ನು ತೋರಿಸುವುದೇ ಇಲ್ಲ. ಮರಿಯನ್ನು ಬುಟ್ಟಿಯಲ್ಲಿಟ್ಟು, ಮೈಗೆ ಪೌಡರ್ ಹಾಕಿ, ಯಾವುದೋ ಪೆಟ್ರೋಲ್ ಬಂಕ್ ಹತ್ತಿರ ತಂದುಕೊಡುತ್ತಾರೆ. ಮೈಕ್ರೋಚಿಪ್ ಮತ್ತು ದಾಖಲೆ ಇವರಿಗೇ ತೊಡಕು. ಚರ್ಮದಡಿ ಕೂರುವ ಅಕ್ಕಿಕಾಳಿನಷ್ಟು ಪುಟ್ಟ ಚಿಪ್ಪಿನ ನಂಬರು, ದಾಖಲೆ ಸರಿಯಿದ್ದರೆ, ಮರಿ ಎಲ್ಲಿಂದ ಬಂತೆಂದು ಹೇಳಿಬಿಡುತ್ತದೆ.

ನಂಬಿಕೆ: "ಮೂವತ್ತು ದಿನದ ಮರಿ ತಂದರೆ ಚೆನ್ನಾಗಿ ಹೊಂದಿಕೊಳ್ಳುತ್ತದೆ, ಎಂಟು ವಾರ ಕಾಯುವುದು ದಂಡ"

ಕೊಳ್ಳುವವರ ಈ ನಂಬಿಕೆಯೇ ಮಾರುವವರಿಗೆ ನೆಪ. ಮರಿ ಗಟ್ಟಿ ಆಹಾರಕ್ಕೆ ಇಳಿದು ಖರ್ಚು ಶುರುವಾಗುವ ಮೊದಲೇ ಸಾಗಹಾಕಬಹುದಲ್ಲ. ಆದರೆ ಅಮೆರಿಕದ ಮೇನ್ ರಾಜ್ಯದ ಬಾರ್ ಹಾರ್ಬರಿನಲ್ಲಿ ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ ವರ್ಷಗಟ್ಟಲೆ ನಾಯಿಮರಿಗಳನ್ನು ಗಮನಿಸಿ 1965ರಲ್ಲಿ ಪ್ರಕಟಿಸಿದ ಸಂಶೋಧನೆ ಬೇರೆಯದನ್ನೇ ಹೇಳಿತು. ಮೂರನೇ ವಾರದಿಂದ ಹನ್ನೆರಡನೇ ವಾರದವರೆಗೆ ಮರಿ ಒಡನಾಟ ಕಲಿಯುವ ಕಾಲ. ಅದರ ಮೊದಲರ್ಧ ತಾಯಿ ಮತ್ತು ಒಡಹುಟ್ಟಿದ ಮರಿಗಳ ಜೊತೆಗೇ ಕಳೆಯಬೇಕು. ಜೋರಾಗಿ ಕಚ್ಚಿದರೆ ಜೊತೆಯ ಮರಿ ಕುಂಯ್ ಎಂದು ಆಟ ಬಿಡುತ್ತದೆ, ತಾಯಿ ಗದರುತ್ತಾಳೆ. ಎಷ್ಟು ಬಿಗಿ ಕಚ್ಚಬಾರದೆಂದು ಮರಿ ಅಲ್ಲೇ ಕಲಿಯುವುದು. ಆ ಪಾಠ ತಪ್ಪಿದ ಮರಿಯ ಹಲ್ಲು ಆಮೇಲೆ ನಿಮ್ಮ ಮಗುವಿನ ಕೈ ಮೇಲೆ.

ಇನ್ನೊಂದು ಕಾರಣ ಪಾರ್ವೊ ಎಂಬ ವೈರಸ್ ಕಾಯಿಲೆ. ತಾಯಿಯ ಗಿಣ್ಣು ಹಾಲಿನಿಂದ ಬಂದ ರಕ್ಷಣೆ ಕೆಲವು ವಾರಗಳಲ್ಲಿ ಕರಗುತ್ತಾ ಬರುತ್ತದೆ. ಹಾಗಾಗಿಯೇ ಆರರಿಂದ ಎಂಟು ವಾರಕ್ಕೆ ಮೊದಲ ಲಸಿಕೆ ಹಾಕಿ, ಹದಿನಾರು ವಾರ ತುಂಬುವವರೆಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ಮರುಲಸಿಕೆ ಹಾಕುತ್ತಾರೆ. ಒಂದು ಚುಚ್ಚುಮದ್ದೂ ಬೀಳದ ಮೂವತ್ತು ದಿನದ ಮರಿಯನ್ನು ಬಸ್ಸಿನಲ್ಲಿ ಊರಿಂದೂರಿಗೆ ಸಾಗಿಸಿದರೆ, ವಾರದೊಳಗೆ ರಕ್ತಭೇದಿ ಹಿಡಿದು ಡ್ರಿಪ್ ಹಾಕಿಸಿಕೊಂಡು ಮಲಗಬಹುದು.

ನಂಬಿಕೆ: "ಹೆಣ್ಣುನಾಯಿಗೆ ಒಮ್ಮೆಯಾದರೂ ಮರಿ ಹಾಕಿಸದಿದ್ದರೆ ಗರ್ಭಕೋಶದ ಕಾಯಿಲೆ ಬರುತ್ತದೆ"

"ನಾನೇನು ಬ್ರೀಡರ್ ಅಲ್ಲ, ನಾಯಿಯ ಆರೋಗ್ಯಕ್ಕೆಂದು ಒಂದು ಸಲ ಕ್ರಾಸ್ ಮಾಡಿಸಿದೆ" ಎನ್ನುವವರು ಬೆಂಗಳೂರಿನ ಪ್ರತಿ ಬಡಾವಣೆಯಲ್ಲೂ ಸಿಗುತ್ತಾರೆ. ಒಮ್ಮೆ ಮರಿ ಹಾಕಿಸಿದರೆ ಜೀವಮಾನದ ರಕ್ಷಣೆ ಸಿಗುತ್ತದೆ ಎನ್ನುವುದಕ್ಕೆ ಆಧಾರವಿಲ್ಲ. ಗರ್ಭಕೋಶದಲ್ಲಿ ಕೀವು ತುಂಬುವ ಪಯೋಮೆಟ್ರಾ ಬರುವುದು ಶಸ್ತ್ರಚಿಕಿತ್ಸೆಯಾಗದ ಹೆಣ್ಣುನಾಯಿಗಳಿಗೆ. ಸಂತಾನಹರಣ ಶಸ್ತ್ರಚಿಕಿತ್ಸೆ ಅಪರೂಪವಾಗಿರುವ ಸ್ವೀಡನ್ನಿನಲ್ಲಿ ವಿಮೆಯ ದಾಖಲೆಗಳನ್ನು ನೋಡಿದಾಗ, ಹತ್ತು ವರ್ಷ ತುಂಬುವುದರೊಳಗೆ ಸುಮಾರು ಕಾಲು ಭಾಗದಷ್ಟು ಹೆಣ್ಣುನಾಯಿಗಳಿಗೆ ಅದು ಬಂದಿತ್ತು. ಅದನ್ನು ತಡೆಯುವುದು ಶಸ್ತ್ರಚಿಕಿತ್ಸೆ.

ನಂಬಿಕೆ: "ಕೆಸಿಐ ಪೇಪರ್ ಇದೆ, ಇನ್ನೇನು ಬೇಕು?"

ಕೆನಲ್ ಕ್ಲಬ್ ಆಫ್ ಇಂಡಿಯಾ ಸರ್ಕಾರಿ ಇಲಾಖೆಯಲ್ಲ. ಅದು ಕೊಡುವ ಪತ್ರ ವಂಶಾವಳಿಯದ್ದು. ತಂದೆ ಯಾರು, ತಾಯಿ ಯಾರು ಎಂದು ಹೇಳುತ್ತದೆ, ಸೊಂಟದ ಕೀಲು ಗಟ್ಟಿಯಿದೆಯೇ, ಹೃದಯ ಸರಿಯಿದೆಯೇ ಎಂದು ಹೇಳುವುದಿಲ್ಲ. ಹಾಗೆ ನೋಡಿದರೆ ವಂಶಾವಳಿಯನ್ನು ಸರಿಯಾಗಿ ಓದಬಲ್ಲವರಿಗೆ ಅದೇ ಪತ್ರದಲ್ಲಿ ಎಚ್ಚರಿಕೆಯೂ ಸಿಗುತ್ತದೆ. ಅಪ್ಪನ ಕಡೆಯೂ ಅಮ್ಮನ ಕಡೆಯೂ ಒಂದೇ ಹೆಸರು ಮತ್ತೆ ಮತ್ತೆ ಬಂದರೆ ರಕ್ತಸಂಬಂಧ ಹತ್ತಿರವಾಯಿತೆಂದು ಅರ್ಥ. ಅಣ್ಣ ತಂಗಿಯನ್ನೋ ತಂದೆ ಮಗಳನ್ನೋ ಕೂಡಿಸಿ ತೆಗೆದ ಮರಿಯಲ್ಲಿ ಶೇ 25ರಷ್ಟು ವಂಶವಾಹಿ ಜೋಡಿಗಳು ಒಂದೇ ಪೂರ್ವಜನಿಂದ ಬಂದ ಒಂದೇ ಪ್ರತಿಯಾಗಿರುವ ಸಾಧ್ಯತೆ ಇರುತ್ತದೆ. ಅಡಗಿದ್ದ ರೋಗ ಹೊರಬರುವುದು ಆಗಲೇ. "ತಳಿ ಶುದ್ಧವಾಗಿರಲು ಹತ್ತಿರದ ರಕ್ತವೇ ಬೇಕು" ಎಂಬ ಹಳೆಯ ಮಾತನ್ನು ಇನ್ನೂ ಹೇಳುತ್ತಿರುವವರು ಇದನ್ನು ಯೋಚಿಸಬೇಕು.

ನಂಬಿಕೆ: "ನೋಂದಣಿ ಇಲ್ಲದಿದ್ದರೆ ಲಕ್ಷಗಟ್ಟಲೆ ದಂಡ"

1960ರ ಮೂಲ ಕಾಯ್ದೆಯ 38ನೇ ಕಲಮಿನಡಿ ಮಾಡಿದ ನಿಯಮ ಮುರಿದರೆ ಗರಿಷ್ಠ ದಂಡ ನೂರು ರೂಪಾಯಿ. ಜೊತೆಗೆ, ಅಥವಾ ಅದರ ಬದಲು, ಮೂರು ತಿಂಗಳವರೆಗೆ ಸೆರೆವಾಸ ವಿಧಿಸಲು ಅವಕಾಶವಿದೆ. ಅರ್ಜಿಗೆ 5,000, ತಪ್ಪಿಗೆ 100. ನಿಯಮ ಪಾಲಿಸುವ ಹವ್ಯಾಸಿಗೆ ಖರ್ಚು, ಮುರಿಯುವ ಶೆಡ್ಡಿನವನಿಗೆ ಚಿಲ್ಲರೆ. ಹವ್ಯಾಸಿ ಸಂಘಗಳು ಬೀದಿಗಿಳಿಯಬೇಕಾದ ವಿಷಯ ಯಾವುದಾದರೂ ಇದ್ದರೆ ಇದು.

ನಂಬಿಕೆ: "ರಾಟ್‌ವೈಲರ್, ಪಿಟ್‌ಬುಲ್ ಎಲ್ಲ ಬ್ಯಾನ್ ಆಗಿವೆ, ನಾಳೆ ಉಳಿದವೂ ಆಗುತ್ತವೆ"

ಎರಡು ಬೇರೆ ಬೇರೆ ಸಂಗತಿಗಳು ಇಲ್ಲಿ ಕಲಸಿಹೋಗಿವೆ. 2017ರ ನಿಯಮದಲ್ಲಿ ಯಾವ ತಳಿಗೂ ನಿಷೇಧವಿಲ್ಲ. ನಿಷೇಧದ ಮಾತು ಬಂದದ್ದು 2024ರ ಮಾರ್ಚ್ 12ರ ಕೇಂದ್ರ ಪಶುಸಂಗೋಪನಾ ಇಲಾಖೆಯ ಸುತ್ತೋಲೆಯಲ್ಲಿ. ಇಪ್ಪತ್ಮೂರು ತಳಿಗಳನ್ನು ಹೆಸರಿಸಿ, ಅವುಗಳ ಆಮದು, ಸಂವರ್ಧನೆ, ಮಾರಾಟ ನಿಲ್ಲಿಸಿ ಎಂದು ಅದು ರಾಜ್ಯಗಳಿಗೆ ಹೇಳಿತು. ಬೆಂಗಳೂರಿನಿಂದ ಅರ್ಜಿ ಹೋಯಿತು. ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರು ಅದೇ ತಿಂಗಳು ತಡೆ ನೀಡಿ, ಏಪ್ರಿಲ್ 10ರಂದು ಸುತ್ತೋಲೆಯನ್ನೇ ರದ್ದು ಮಾಡಿದರು. ಸಂಬಂಧಪಟ್ಟವರ ಅಹವಾಲು ಕೇಳಿರಲಿಲ್ಲ ಎನ್ನುವುದು ಮುಖ್ಯ ಕಾರಣ.

38ನೇ ಕಲಮಿನಡಿ ನಿಯಮ ಮಾಡುವ ದಾರಿ ಬೇರೆ. ಮೊದಲು ಕರಡು ಪ್ರಕಟಿಸಿ ಆಕ್ಷೇಪಣೆಗೆ ಅವಕಾಶ ಕೊಡಲೇಬೇಕೆಂದು ಕಾಯ್ದೆಯೇ ಹೇಳುತ್ತದೆ. ಸುತ್ತೋಲೆಯ ಮೇಲಿನ ಸಿಟ್ಟು ನ್ಯಾಯವಾದದ್ದು, ಕೋರ್ಟೂ ಒಪ್ಪಿತು. ಅದೇ ಸಿಟ್ಟನ್ನು ನೋಂದಣಿಯ ಮೇಲೆ ತಿರುಗಿಸಿದರೆ ಕೋರ್ಟಿನಲ್ಲೂ ಅಷ್ಟೇ, ಜನರೆದುರೂ ಅಷ್ಟೇ, ವಾದ ನಿಲ್ಲುವುದಿಲ್ಲ.

ನಂಬಿಕೆ: "ಈ ನಿಯಮದಿಂದ ಮುಧೋಳದಂಥ ದೇಶಿ ತಳಿ ಅಳಿದುಹೋಗುತ್ತದೆ"

ಇದನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಘೋರ್ಪಡೆ ಅರಸರು ಪೋಷಿಸಿದ ಮುಧೋಳ ನಾಯಿ ಇವತ್ತು ಉಳಿದಿರುವುದು ಬಾಗಲಕೋಟೆ ಜಿಲ್ಲೆಯ ಹಳ್ಳಿಗಳ ರೈತರಿಂದ, ಕುರಿಗಾರರಿಂದ. ಹೊಲದ ಬದಿಯ ಗುಡಿಸಲಲ್ಲಿ ಒಂದೋ ಎರಡೋ ಹೆಣ್ಣುನಾಯಿ, ರೊಟ್ಟಿ, ಮಜ್ಜಿಗೆ, ಮೆಕ್ಕೆಜೋಳದ ಗಂಜಿ. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ. ಸೇನೆ ಮೀರತ್ತಿನಲ್ಲಿ ಈ ತಳಿಯನ್ನು ತರಬೇತಿಗೆ ತೆಗೆದುಕೊಂಡಿತು. ರಾಷ್ಟ್ರೀಯ ಪಶು ಅನುವಂಶಿಕ ಸಂಪನ್ಮೂಲ ಬ್ಯೂರೊ ರಾಜಪಾಳಯಂ ಮತ್ತು ಚಿಪ್ಪಿಪಾರೈ ಜೊತೆ ಇದನ್ನೂ ದೇಶಿ ತಳಿಯೆಂದು ನೋಂದಾಯಿಸಿದೆ. ಇಂಥ ತಳಿಯನ್ನು ಉಳಿಸಿದ ರೈತನಿಗೆ 5,000 ರೂಪಾಯಿಯ ಅರ್ಜಿ, ಕೆನಲ್ಲಿನ ಅಳತೆಯ ಷರತ್ತು, ಬೆಂಗಳೂರಿನ ಮಂಡಳಿಗೆ ವಾರ್ಷಿಕ ವರದಿ ಎಂದರೆ ಆತ ನಾಯಿ ಬಿಡುತ್ತಾನೆ, ಇಲ್ಲವೇ ಕದ್ದುಮುಚ್ಚಿ ಮಾರುತ್ತಾನೆ.

ಹವ್ಯಾಸಿಗಳ ಇನ್ನೊಂದು ಆಕ್ಷೇಪವೂ ತೂಕದ್ದೇ. ಆರು ತಿಂಗಳು ದಾಟಿದ ನಾಯಿಯನ್ನು ನೋಂದಾಯಿತ ಬ್ರೀಡರಿಗಲ್ಲದೆ ಬೇರೆಯವರಿಗೆ ಮಾರುವುದಾದರೆ ಸಂತಾನಹರಣ ಮಾಡಿಸಿಯೇ ಮಾರಬೇಕು ಎನ್ನುತ್ತದೆ ನಿಯಮ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್ಸಿನಲ್ಲಿ ಬೆಂಜಮಿನ್ ಹಾರ್ಟ್ ಮತ್ತು ಲಿನೆಟ್ ಹಾರ್ಟ್ 2013ರಿಂದ ಪ್ರಕಟಿಸುತ್ತಾ ಬಂದ ಅಧ್ಯಯನಗಳಲ್ಲಿ, ಗೋಲ್ಡನ್ ರಿಟ್ರೀವರ್, ಜರ್ಮನ್ ಶೆಫರ್ಡ್‌ನಂಥ ದೊಡ್ಡ ತಳಿಗಳಿಗೆ ವರ್ಷ ತುಂಬುವ ಮೊದಲೇ ಶಸ್ತ್ರಚಿಕಿತ್ಸೆ ಮಾಡಿಸಿದರೆ ಕೀಲಿನ ತೊಂದರೆ ಹೆಚ್ಚುವುದು ಕಂಡಿದೆ. ಸಣ್ಣ ತಳಿಗಳಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಚಿವಾವಾಗೂ ಜರ್ಮನ್ ಶೆಫರ್ಡ್‌ಗೂ ಒಂದೇ ವಯಸ್ಸು ಹೇಳುವ ನಿಯಮ ತಿದ್ದುಪಡಿಯಾಗಲೇಬೇಕು. ವಯಸ್ಸನ್ನು ತಳಿ ನೋಡಿ ವೆಟರ್ನರಿ ಡಾಕ್ಟರು ನಿರ್ಧರಿಸಲಿ.

ಹವ್ಯಾಸಿಗಳು ಸರ್ಕಾರದ ಮುಂದೆ ಇಡಬೇಕಾದ ಪಟ್ಟಿ ಹೀಗಿರಬೇಕು: ಎರಡು ಮೂರು ಹೆಣ್ಣುನಾಯಿ ಇಟ್ಟವರಿಗೆ ಶುಲ್ಕವಿಲ್ಲದ ಸರಳ ನೋಂದಣಿ, ಅದೂ ತಾಲ್ಲೂಕು ಪಶು ಆಸ್ಪತ್ರೆಯಲ್ಲೇ, ಮುಧೋಳದ ಸಾಕಣೆದಾರರ ದಾಖಲೆ ಇಡುವ ಹೊಣೆ ತಿಮ್ಮಾಪುರದ ಕೇಂದ್ರಕ್ಕೆ, ಚಿಪ್ಪು ಮತ್ತು ಎಂಟು ವಾರದ ಷರತ್ತು ಎಲ್ಲರಿಗೂ, ವಿನಾಯಿತಿ ಇಲ್ಲದೆ, ಮತ್ತು ನೂರು ರೂಪಾಯಿಯ ದಂಡ ಶೆಡ್ಡಿನವನು ಲೆಕ್ಕಕ್ಕಿಡುವಷ್ಟು ಏರಬೇಕು.