ಲೆದರ್ ಪರ್ಫ್ಯೂಮ್‌ನಲ್ಲಿ ಪ್ರಾಣಿಯ ಚರ್ಮ ಇರುತ್ತದೆಯೇ?

"ಲೆದರ್ ಸೆಂಟ್ ಹಾಕಬೇಡಿ, ಅದರಲ್ಲಿ ಪ್ರಾಣಿಯ ಚರ್ಮ ಕುದಿಸಿದ ರಸ ಇರುತ್ತದೆ. ಎಲ್ಲರಿಗೂ ಶೇರ್ ಮಾಡಿ." ಇಂಥದ್ದೊಂದು ಮೆಸೇಜ್ ನಮ್ಮ ಮನೆಯ ಗ್ರೂಪ್‌ಗೂ ಬಂತು. ಮಗ ಕೊಡಿಸಿದ್ದ ಹೊಸ ಬಾಟಲಿಯನ್ನು ಚಿಕ್ಕಪ್ಪ ಅದೇ ದಿನ ಮನೆಯಿಂದ ಹೊರಗಿಟ್ಟರು. ಮೆಸೇಜ್ ನಿಜವೇ?

ಚರ್ಮದ ವಾಸನೆ ಚರ್ಮದ್ದಲ್ಲ

ಹಸಿ ಚರ್ಮ ಕೆಟ್ಟ ನಾತ ಬೀರುತ್ತದೆ. ನಾವು "ಲೆದರ್ ವಾಸನೆ" ಅನ್ನುವುದು ಬಹುಪಾಲು ಚರ್ಮ ಹದ ಮಾಡಲು ಬಳಸುವ ತೊಗಟೆ, ಎಣ್ಣೆಗಳದ್ದು. ಕೊಲ್ಹಾಪುರಿ ಚಪ್ಪಲಿಯ ಚರ್ಮವನ್ನು ಜಾಲಿ ತೊಗಟೆ, ಅಳಲೆಕಾಯಿ ಬಳಸಿ ಹದ ಮಾಡುತ್ತಾರೆ. ರಷ್ಯಾದಲ್ಲಿ ಬರ್ಚ್ ಮರದ ತೊಗಟೆಯಿಂದ ತೆಗೆದ ಎಣ್ಣೆ ಸವರುತ್ತಿದ್ದರು. ಆ ಹೊಗೆವಾಸನೆಯೇ ಯುರೋಪಿನಲ್ಲಿ "ರಷ್ಯನ್ ಲೆದರ್" ಎಂದು ಹೆಸರಾಯಿತು.

ಫ್ರಾನ್ಸಿನ ಗ್ರಾಸ್ ಊರಿನಲ್ಲಿ ಕೈಗವಸಿನ ನಾತ ಮುಚ್ಚಲು ಹೂವಿನ ಸುಗಂಧ ಹಚ್ಚುತ್ತಿದ್ದರು. ಮುಂದೆ ಆ ಊರು ಸುಗಂಧದ್ರವ್ಯಗಳಿಗೇ ಪ್ರಸಿದ್ಧವಾಯಿತು.

ಬಾಟಲಿಯಲ್ಲಿ ಏನಿದೆ?

ಪ್ಯಾರಿಸ್‌ನ ಎರ್ಮೆಸ್ 1837ರಲ್ಲಿ ಕುದುರೆ ಲಗಾಮಿನ ಸಾಮಾನು ಮಾಡುವ ಅಂಗಡಿಯಾಗಿ ಶುರುವಾದ ಕಂಪನಿ. 1986ರಲ್ಲಿ ಅದು ಗಂಡಸರಿಗಾಗಿ ತಂದ 'ಬೆಲ್ ಅಮಿ' ಮಸಾಲೆ ಮತ್ತು ಲೆದರ್ ಪರಿಮಳದ ಸೆಂಟ್. ಇಂಥ ಸೆಂಟ್‌ಗಳಲ್ಲಿ ಲೆದರ್ ವಾಸನೆಯನ್ನು ಬೇರೆ ವಸ್ತುಗಳಿಂದ ಕಟ್ಟುತ್ತಾರೆ: ಶುದ್ಧೀಕರಿಸಿದ ಬರ್ಚ್ ಎಣ್ಣೆ, ಐಸೊಬ್ಯುಟೈಲ್ ಕ್ವಿನೋಲಿನ್ ಎಂಬ ಕೃತಕ ರಾಸಾಯನಿಕ ಇತ್ಯಾದಿ. ಜೊತೆಗೆ ಏಲಕ್ಕಿ, ಲವಂಗದಂಥ ಮಸಾಲೆಯ ಪರಿಮಳ. ಚರ್ಮ ಕುದಿಸುವ ಪ್ರಶ್ನೆಯೇ ಇಲ್ಲ.

ಆದರೆ ಒಂದು ಮಾತು ನಿಜ. ಹಿಂದೆ ಲೆದರ್ ಸೆಂಟ್‌ಗಳಿಗೆ ಬೀವರ್ ಎಂಬ ಪ್ರಾಣಿಯ ಬಾಲದ ಬಳಿಯ ಗ್ರಂಥಿಯಿಂದ ಸಿಗುವ ಕ್ಯಾಸ್ಟೋರಿಯಂ ಹಾಕುತ್ತಿದ್ದರು. ಇಂದು ಹೆಚ್ಚಾಗಿ ಅದರ ಬದಲು ಕೃತಕ ಪರಿಮಳ ಬಳಸುತ್ತಾರೆ. ಲೇಬಲ್ ಮೇಲೆ ಸಾಮಾನ್ಯವಾಗಿ "ಪರ್ಫ್ಯೂಮ್" ಎಂದಷ್ಟೇ ಇರುವುದರಿಂದ ಇದು ಓದಿದರೆ ಗೊತ್ತಾಗುವುದಿಲ್ಲ. ಖಚಿತವಾಗಬೇಕಿದ್ದರೆ "ವೀಗನ್" ಗುರುತು ನೋಡಿ, ಅಥವಾ ಕಂಪನಿಯನ್ನೇ ಕೇಳಿ.

ನಿಜವಾಗಿ ಗಮನಿಸಬೇಕಾದ್ದು

ಮೆಸೇಜ್ ಹೇಳದೆ ಬಿಟ್ಟಿದ್ದು ಅಲರ್ಜಿಯ ವಿಷಯ. ಲವಂಗದ ಯೂಜೆನಾಲ್, ಚಕ್ಕೆಯ ಸಿನ್ನಮಾಲ್ ಕೆಲವರ ಚರ್ಮಕ್ಕೆ ಆಗುವುದಿಲ್ಲ. ತುರಿಕೆ, ಕೆಂಪು ಗುಳ್ಳೆ ಬರಬಹುದು. ಬಾಟಲಿ ಎಷ್ಟೇ ದುಬಾರಿಯಾದರೂ ಇದು ತಪ್ಪುವುದಿಲ್ಲ. ಯುರೋಪಿನಲ್ಲಿ ಇವುಗಳ ಪ್ರಮಾಣ ಮಿತಿ ದಾಟಿದರೆ ಲೇಬಲ್ ಮೇಲೆ ಹೆಸರು ಬರೆಯಲೇಬೇಕು. ಹೊಸ ಸೆಂಟನ್ನು ಮೊದಲು ಮೊಣಕೈ ಒಳಬದಿಗೆ ಸ್ವಲ್ಪ ಹಚ್ಚಿ, ಒಂದೆರಡು ದಿನ ನೋಡಿ. ತುರಿಕೆ ಬಂದರೆ ನಿಲ್ಲಿಸಿ, ಕಡಿಮೆಯಾಗದಿದ್ದರೆ ಚರ್ಮದ ಡಾಕ್ಟರಿಗೆ ತೋರಿಸಿ.

ತೀರ್ಮಾನ

ಲೆದರ್ ಸೆಂಟ್‌ನಲ್ಲಿ ಚರ್ಮದ ರಸ ಇದೆ ಎಂಬುದು ಸುಳ್ಳು. ಪ್ರಾಣಿಮೂಲದ ಬೇರೆ ವಸ್ತು ಇರಬಹುದೇ ಎಂಬ ಪ್ರಶ್ನೆ ನ್ಯಾಯವಾದದ್ದೇ; ಅದಕ್ಕೆ ಉತ್ತರ ಕೊಡಬೇಕಾದವರು ತಯಾರಕರು, ವಾಟ್ಸಾಪ್ ಅಲ್ಲ. ಚಿಕ್ಕಪ್ಪನಿಗೂ ಇದನ್ನೇ ಹೇಳಿದೆ. ಬಾಟಲಿಯನ್ನು ಎಸೆಯುವ ಮೊದಲು ಕಂಪನಿಗೆ ಒಂದು ಇಮೇಲ್ ಹಾಕೋಣ ಎಂದಿದ್ದಾರೆ.