ಇಪ್ಪತ್ತರೊಳಗಿನ ಪತ್ತು

ಹಾಲನ್ನು ಹಳಗನ್ನಡದಲ್ಲಿ ‘ಪಾಲ್’ ಎಂದೂ ಹುಲಿಯನ್ನು ‘ಪುಲಿ’ ಎಂದೂ ಕರೆಯುತ್ತಿದ್ದರೆಂದು ಪಾಠ ಹೇಳಿದೊಡನೆ ತರಗತಿಯ ಹಿಂದಿನ ಸಾಲಿನಿಂದ ಒಂದು ಮಾತು ಬರುವುದುಂಟು: “ಇದು ತಮಿಳಲ್ಲವೆ, ಸಾರ್?” ಕೇಳಿದವನು ದಡ್ಡನಲ್ಲ, ತಾನು ಬಲ್ಲ ತಮಿಳಿನಿಂದ ತಾನರಿಯದ ಕನ್ನಡವನ್ನು ಅಳೆದಿದ್ದಾನೆ, ಅಷ್ಟೆ. ಆದರೆ ಈ ಭ್ರಮೆ ಬೇರೂರಿತೆಂದರೆ ಹತ್ತನೆಯ ಶತಮಾನದ ಪಂಪನು ಅವನಿಗೆ ಪರಭಾಷೆಯ ಕವಿಯಾಗಿಬಿಡುತ್ತಾನೆ. ಆ ನಷ್ಟ ಸಣ್ಣದಲ್ಲ.

ಬಹುಕಾಲ ನಾನು ಉತ್ತರವನ್ನು ಹೇಳಿಬಿಡುತ್ತಿದ್ದೆ: ಎರಡೂ ದ್ರಾವಿಡ ನುಡಿಗಳು, ಮೂಲದ ಪಕಾರವನ್ನು ತಮಿಳು ಉಳಿಸಿಕೊಂಡಿತು, ಕನ್ನಡದಲ್ಲಿ ಅದು ಕಾಲಕ್ರಮದಲ್ಲಿ ಹಕಾರವಾಯಿತು. ಹುಡುಗರು ಬರೆದುಕೊಂಡರು, ಪರೀಕ್ಷೆಯಲ್ಲಿ ಹಳೆಯ ತಪ್ಪನ್ನೇ ಬರೆದರು. ತುಂಬಿದ ಕೊಡಕ್ಕೆ ನೀರು ಹೊಯ್ದರೆ ಚೆಲ್ಲದೆ ಇನ್ನೇನಾದೀತು?

ಈಗ ಕ್ರಮವನ್ನು ಬದಲಿಸಿದ್ದೇನೆ. ಮೊದಲು ಪ್ರತಿಯೊಬ್ಬರೂ ತಮ್ಮ ಊಹೆಯನ್ನು ಬರೆದಿಡಬೇಕು. ಬಳಿಕ ಎಲ್ಲರೂ ಕೂಡಿ ಹತ್ತು ಹತ್ತಾಗಿ ಎಣಿಸಬೇಕು. “ಹತ್ತು, ಇಪ್ಪತ್ತು...” ಎನ್ನುತ್ತಲೇ ತಡೆದು, “ಎರಡು ಹತ್ತು ಸೇರಿದರೆ ಇಪ್ಪತ್ತು ಹೇಗಾಯಿತು? ಪಕಾರ ಎಲ್ಲಿಂದ ಬಂತು?” ಎಂದು ಕೇಳಿ ಸುಮ್ಮನಾಗುತ್ತೇನೆ. ತುಸು ಹೊತ್ತಿಗೆ ಯಾರಾದರೊಬ್ಬರು, “ಹತ್ತೇ ಹಿಂದೆ ಪತ್ತು ಆಗಿತ್ತೇನೋ” ಎನ್ನುತ್ತಾರೆ. ಹೌದು; ‘ಇರ್ಪತ್ತು’ ಇಪ್ಪತ್ತಾಯಿತು. ಪದದ ಮೊದಲಲ್ಲಿದ್ದ ಪಕಾರ ಹಕಾರವಾದರೂ ದ್ವಿತ್ವದಲ್ಲಿ ಸೇರಿದ್ದು ಹಾಗೆಯೇ ನಿಂತಿತು. ದಿನವೂ ತಮ್ಮ ಬಾಯಲ್ಲಿ ಆಡುವ ಮಾತೇ ಸಾಕ್ಷಿ ನುಡಿದಾಗ ಊಹೆಯ ಚೀಟಿಯನ್ನು ಅವರೇ ತಿದ್ದಿಕೊಳ್ಳುತ್ತಾರೆ.

ಆದರೆ ಒಂದು ಭ್ರಮೆ ಹರಿದಾಗ ಇನ್ನೊಂದು ಹುಟ್ಟೀತು: ಹಕಾರವೆಲ್ಲ ಪಕಾರದಿಂದಲೇ ಬಂದಿತೆಂದು! ಆಗ ‘ಹಿಮ’, ‘ಹೃದಯ’ಗಳನ್ನು ಮುಂದಿಡಬೇಕು, ಅವು ಸಂಸ್ಕೃತದಿಂದ ಹಕಾರದೊಡನೆಯೇ ಬಂದವು. ನಿಯಮದ ಎಲ್ಲೆಯನ್ನು ತೋರದೆ ನಿಯಮವನ್ನು ಕಲಿಸಿದಂತಾಗದು.

ತಿದ್ದಿದ್ದು ಮನಸ್ಸಿನಲ್ಲಿ ನಿಲ್ಲುವುದು ಹೇಗೆ? ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನಶ್ಶಾಸ್ತ್ರಜ್ಞರು 2006ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ದಾರಿ ತೋರುತ್ತದೆ. ಓದಿದ್ದನ್ನೇ ಮತ್ತೆ ಓದಿದವರು ಐದು ನಿಮಿಷದ ಬಳಿಕ ಮುಂದಿದ್ದರು. ಪುಸ್ತಕ ಮುಚ್ಚಿ ನೆನಪಿನಿಂದ ಬರೆದವರು ಒಂದು ವಾರದ ಬಳಿಕ ಮುಂದಾದರು. ಆದುದರಿಂದ ವಾರ ಕಳೆದು ‘ಪಣ್’ ಏನಾಯಿತೆಂದು ಕೇಳುತ್ತೇನೆ, ತಿಂಗಳು ಕಳೆದು ‘ಪೆಸರ್’ ಏನಾಯಿತೆಂದು ಕೇಳುತ್ತೇನೆ. ಪುಸ್ತಕವನ್ನು ಮಾತ್ರ ಯಾರೂ ತೆರೆಯಕೂಡದು.

ಹೇಳಿಕೊಟ್ಟದ್ದು ಉಪಾಧ್ಯಾಯರ ಸೊತ್ತಾಗಿಯೇ ಉಳಿಯುತ್ತದೆ. ತಾನೇ ಕಂಡು, ಮರೆತು, ಮತ್ತೆ ನೆನೆದದ್ದು ವಿದ್ಯಾರ್ಥಿಯದಾಗುತ್ತದೆ. ಅಂಥವನಿಗೆ ಪಂಪನು ಪರಕೀಯನಾಗಲಾರ.