ಎಷ್ಟು ಮಿಲಿಗೆ ಒಂದು ಕಪ್?

ಅರ್ಧ ಲೀಟರಿನ ಹಾಲಿನ ಪ್ಯಾಕೆಟ್ ಒಡೆದರೆ ಎಷ್ಟು ಕಪ್ ಆಗುತ್ತದೆ? ಆಸ್ಟ್ರೇಲಿಯಾದ ಅಡುಗೆ ಪುಸ್ತಕದ ಪ್ರಕಾರ ಸರಿಯಾಗಿ ಎರಡು, ಏಕೆಂದರೆ ಅಲ್ಲಿನ ಕಪ್ 250 ಮಿಲಿ. ಅಮೆರಿಕದ್ದು ಸುಮಾರು 237. ಎರಡು ಕಪ್ ತುಂಬಿದ ಮೇಲೂ ಪ್ಯಾಕೆಟ್ಟಿನಲ್ಲಿ ಐದು ಟೀ ಚಮಚದಷ್ಟು ಹಾಲು ಉಳಿಯುತ್ತದೆ. ಜಪಾನಿನಲ್ಲಿ ಕಪ್ ಎಂದರೆ 200 ಮಿಲಿ, ಹಾಗಾಗಿ ಅಲ್ಲಿ ಎರಡೂವರೆ. ಹಳೆಯ ಬ್ರಿಟಿಷ್ ಪುಸ್ತಕ ಹಿಡಿದರೆ ಕಪ್ಪಿಗೆ 284 ಮಿಲಿ ಬೇಕು, ಎರಡನೆಯದು ತುಂಬುವುದೇ ಇಲ್ಲ. ಬ್ರಿಟನ್ 1824ರಲ್ಲಿ ತನ್ನ ಗ್ಯಾಲನ್ ಹಿಗ್ಗಿಸಿಕೊಂಡಿತು, ಅಮೆರಿಕ ಹಳೆಯದನ್ನೇ ಉಳಿಸಿಕೊಂಡಿತು; ಆ ಜಗಳ ಇನ್ನೂ ನಮ್ಮ ಕೇಕಿನ ಹಿಟ್ಟಿನಲ್ಲಿದೆ.

ಇದು ಚೆನ್ನಾಗಿ ಕೈಕೊಡುವುದು ರೈಸ್ ಕುಕ್ಕರಿನಲ್ಲಿ. ಜಪಾನಿ ಮಾದರಿಯ ಕುಕ್ಕರಿನ ಜೊತೆ ಬರುವ ಪುಟ್ಟ ಪ್ಲಾಸ್ಟಿಕ್ ಕಪ್ 180 ಮಿಲಿಯದು. ಪಾತ್ರೆಯ ಒಳಗೋಡೆಯ ಗೆರೆಗಳೂ ಅದಕ್ಕೇ ಹೊಂದುವಂಥವು. ಆ ಕಪ್ ಎಲ್ಲೋ ಕಳೆದುಹೋಗಿ, 240 ಮಿಲಿಯ ಕಪ್ಪಿನಲ್ಲಿ ಮೂರು ಅಕ್ಕಿ ಹಾಕಿ, ನೀರು ಮಾತ್ರ ಮೂರನೇ ಗೆರೆಗೆ ನಿಲ್ಲಿಸಿದರೆ ಅನ್ನ ನುಚ್ಚುನುಚ್ಚಾಗಿ ಕೂರುತ್ತದೆ. ದೋಷ ಸೋನಾ ಮಸೂರಿಯದ್ದಲ್ಲ.

ಅಮೆರಿಕದ ಪಾಕಕ್ಕೆ ಕಪ್ಪನ್ನು 240 ಎಂದುಕೊಂಡರೆ ಸಾಕು: ಕಾಲು ಕಪ್ 60, ಅರ್ಧ 120, ಒಂದೂಕಾಲು 300. 750 ಮಿಲಿ ಎಂದರೆ ಮೂರು ಕಪ್, ಮೇಲೆ ಎರಡು ದೊಡ್ಡ ಚಮಚ. ಆ ಚಮಚ 15 ಮಿಲಿಯದು, ಆಸ್ಟ್ರೇಲಿಯಾದವರದು 20. ಮೆಲ್ಬರ್ನಿನ ಮಗಳು, ಡಲ್ಲಾಸಿನ ಸೊಸೆ ಇಬ್ಬರೂ ಒಂದೇ ಪಾಕವನ್ನು ವಾಟ್ಸಾಪಿನಲ್ಲಿ ಹಂಚಿಕೊಳ್ಳುವಾಗ ಇದನ್ನೊಮ್ಮೆ ಹೇಳಿಕೊಳ್ಳುವುದು ವಾಸಿ.

ನಮ್ಮ ಅಜ್ಜಿಯರಿಗೆ ಈ ಪೇಚಾಟವಿರಲಿಲ್ಲ. ಸೇರಿನ ಗಾತ್ರ ಊರೂರಿಗೆ ಬೇರೆಯಾದರೂ, ಒಂದು ಲೋಟ ರವೆಗೆ ಎರಡೂವರೆ ಲೋಟ ನೀರು ಎಂದಾಗ ಲೋಟ ಯಾವುದಾದರೇನು? ಎಲ್ಲವನ್ನೂ ಒಂದೇ ಲೋಟದಲ್ಲಿ ಅಳೆಯುವ ಅಡುಗೆಗೆ ಮಿಲಿಲೀಟರ್ ಹುಡುಕುವುದು ವೃಥಾ ಶ್ರಮ. ಆದರೆ ‘ಒಂದು ಪ್ಯಾಕೆಟ್ ಹಾಲಿಗೆ ಒಂದು ಕಪ್ ಸಕ್ಕರೆ’ ಎಂದು ಬರೆದ ಕೂಡಲೇ ಲೆಕ್ಕ ಬದಲಾಗುತ್ತದೆ. ಹಾಲು ಡೇರಿಯ ಅಳತೆ, ಸಕ್ಕರೆ ಬರೆದವರ ಮನೆಯ ಅಳತೆ.

ನಿಮ್ಮ ಸ್ಟೀಲ್ ಲೋಟ ಎಷ್ಟು ಹಿಡಿಯುತ್ತದೆಂದು ತಿಳಿಯಲು ಅಡುಗೆಮನೆಯ ಎಲೆಕ್ಟ್ರಾನಿಕ್ ತಕ್ಕಡಿಯೇ ಸಾಕು. ಖಾಲಿ ಲೋಟ ಇಟ್ಟು ಸೊನ್ನೆ ಮಾಡಿ, ಕಂಠಮಟ್ಟ ನೀರು ಹೊಯ್ಯಿರಿ. ಬಂದ ಗ್ರಾಂ ಎಷ್ಟೋ ಮಿಲಿಯೂ ಅಷ್ಟೇ. ಹಾಲಿಗೂ ಹೆಚ್ಚುಕಡಿಮೆ ಇದೇ ಲೆಕ್ಕ ನಡೆಯುತ್ತದೆ, ಎಣ್ಣೆಗೆ ನಡೆಯದು: 250 ಮಿಲಿ ಎಣ್ಣೆ ತೂಗುವುದು ಸುಮಾರು 230 ಗ್ರಾಂ.